ಐದು ಕಾರ್ಡು, ಐದು ಸುಳ್ಳು

ರೊಸ್ಕೊಫ್, ಹಳೇ ಬಂದರಿನ ಎದುರಿನ ಕಾಫಿ ಅಂಗಡಿ
ಜೂನ್ 21, ಸಂಜೆ ಐದು ಗಂಟೆ

ಊರೂರು ಸುತ್ತುವ ಮಹಾರಾಯ ಆರ್ಮೆಲ್‌ಗೆ,

ಮೇಲೆ "ಪ್ರೀತಿಯ" ಅಂತ ಬರೆದು ಗೀಟು ಎಳೆದಿರೋದು ಕಾಣಿಸ್ತಿದೆ ಅಲ್ವಾ? ಕಾಣಲಿ. ಕೈ ಅಭ್ಯಾಸಬಲದಿಂದ ಬರೀತು, ಬುದ್ಧಿ ಬಂದ ಮೇಲೆ ಹೊಡೆದುಹಾಕಿದೆ. ನೀನು ಎದುರಿನ ಬಾ ಅನ್ನೋ ದ್ವೀಪದಲ್ಲಿ ಆರಾಮಾಗಿ ಹೊಸ ಆಲೂಗೆಡ್ಡೆ ಬೇಯಿಸಿಕೊಂಡು ತಿಂತಾ ಇದ್ದೀಯ ಅಂತ ದೋಣಿಯವರು ಹೇಳಿದರು. ದೋಣಿಯಲ್ಲಿ ಹದಿನೈದು ನಿಮಿಷದ ದಾರಿ. ನಾನು ಬರಬಹುದಿತ್ತು, ಬರಲಿಲ್ಲ. ಯಾಕೆ ಅನ್ನೋದನ್ನ ಕೊನೇಲಿ ಹೇಳ್ತೀನಿ. ಮೊದಲು ಹೊಟ್ಟೆಯಲ್ಲಿರೋದೆಲ್ಲ ಹೊರಗೆ ಬರಲಿ.

ಮೇ ತಿಂಗಳ ಎರಡನೇ ಸೋಮವಾರ ನೀನು ಬೆನ್ನಿಗೆ ಚೀಲ ಏರಿಸಿಕೊಂಡು ಬಾಗಿಲಲ್ಲಿ ನಿಂತೆ. "ಬಾರೇ ಸ್ವಾಜಿಕ್, ಪಟ್ಟಿಯಲ್ಲಿರೋ ಐದೂ ಜಾಗ ನೋಡ್ಕೊಂಡು ಬರೋಣ" ಅಂದೆ. ನಾನು ಸಿಂಪಿ ಬಿಡಿಸೋ ಚಾಕು ಒರೆಸ್ತಾ, "ನನ್ನ ಸಿಂಪಿ ಹೊಲ ದಾನ ಮಾಡಿದವನ ಜೊತೆ ನಾನು ಬೀದಿ ತುದಿಗೂ ಬರಲ್ಲ" ಅಂದೆ. ನೀನು ಹೊರಟೇಬಿಟ್ಟೆ. ಫೋನನ್ನು ಅಡುಗೆಮನೆ ಡ್ರಾಯರಿನಲ್ಲಿ ಬಿಟ್ಟು ಹೋದೆ. ಅರವತ್ತನಾಲ್ಕು ವರ್ಷದ ಗಂಡಸು ಫೋನ್ ಬಿಟ್ಟು ಹೋಗ್ತಾನೆ ಅಂದರೆ ಏನರ್ಥ? ಯಾರೂ ಹುಡುಕಬಾರದು ಅಂತ ಅರ್ಥ. ಅನುಮಾನದ ಬೀಜ ಬಿತ್ತಿದ್ದು ನೀನೇ, ನೆನಪಿಟ್ಟುಕೋ.

ಅದೇ ಸೋಮವಾರ ದೋಸೆ ಅಂಗಡಿಯ ರೋಜೆನ್ ಕೂಡ ಬಾಗಿಲು ಹಾಕಿದಳು. "ಒಂದು ತಿಂಗಳು ರಜೆ" ಅಂತ ಬೋರ್ಡು. ಗಂಡ ಸತ್ತು ಆರು ವರ್ಷವಾದವಳು, ನಿನಗೆ ದೋಸೆ ಕೊಡುವಾಗ ಬೆಣ್ಣೆ ಎರಡು ಚಮಚ ಹಾಕೋಳು. ನಮ್ಮ ಕಾಂಕಾಲ್ ಬಂದರು ಎಷ್ಟು ದೊಡ್ಡದು? ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ಹರಸ್ತಾರೆ. ಸಂಜೆಯೊಳಗೆ ಸಿಂಪಿ ಅಂಗಡಿಯವರೆಲ್ಲ ನನ್ನ ಮುಖ ನೋಡಿ ಮಾತು ನಿಲ್ಲಿಸೋಕೆ ಶುರು ಮಾಡಿದರು. ಬೆಂಕಿ ಇಲ್ಲದೆ ಹೊಗೆ ಆಡ್ತದಾ ಅಂತ ನಾನೂ ಅಂದುಕೊಂಡೆ.

ಆ ವಾರವೇ ಬಸ್ಸು ಹತ್ತಿ ಹೋಗಿ ವಕೀಲೆಯನ್ನು ನೋಡಿದೆ. ಹೌದು, ವಿಚ್ಛೇದನಕ್ಕೆ. ಮೂವತ್ತೆಂಟು ವರ್ಷ ಇಳಿತದ ಹೊತ್ತಲ್ಲಿ ಮೊಣಕಾಲಿನ ತನಕ ಸಮುದ್ರದ ಕೆಸರಲ್ಲಿ ನಿಂತು ಸಿಂಪಿ ಬೆಳೆಯೋ ಬಲೆ ಚೀಲ ಮಗುಚಿದವಳು ನಾನು; ಹೊಲದ ಕಾಗದದಲ್ಲಿ ಹೆಸರು ಮಾತ್ರ ನಿನ್ನದು. ಆ ಹೊಲವನ್ನು ನೀನು ನಿನ್ನ ಅಣ್ಣನ ಮಗ ತುಗ್ಡುವಾಲ್‌ಗೆ ಒಂದು ಸಹಿಯಲ್ಲಿ ಬರೆದುಕೊಟ್ಟೆ. "ನನ್ನನ್ನು ಒಂದು ಮಾತೂ ಕೇಳದೆ ಕೊಟ್ಟರು" ಅಂತ ವಕೀಲೆಗೆ ಹೇಳಿದೆ. ಆಕೆ ಬರೆದುಕೊಂಡಳು. "ಬೇರೆ ಹೆಂಗಸಿನ ವಿಷಯಕ್ಕೆ ಸಾಕ್ಷಿ ಏನಾದರೂ ಇದ್ದರೆ ತನ್ನಿ" ಅಂದಳು. ಸಹಿ ಹಾಕೋಕೆ ಒಂದು ಕಾಗದವನ್ನೂ ಕೊಟ್ಟಳು. ಅದು ಅವತ್ತಿನಿಂದ ನನ್ನ ಕೈಚೀಲದಲ್ಲೇ ಇದೆ.

ಆಮೇಲೆ ನಿನ್ನ ಕಾರ್ಡುಗಳು ಬರೋಕೆ ಶುರುವಾದವು.

ಮೊದಲನೆಯದು ಸಾಂ-ಮಾಲೊದಿಂದ, ಮೇ 16. ಮುಂದೆ ಕೋಟೆ ಗೋಡೆಯ ಚಿತ್ರ. ಹಿಂದೆ ನಿನ್ನ ಕಾಗೆ ಕಾಲಿನ ಅಕ್ಷರ: "ಮಧ್ಯಾಹ್ನ ಎರಡಕ್ಕೆ ಊಟ ಮುಗಿಸಿ ಗ್ರಾಂಬೆ ದ್ವೀಪಕ್ಕೆ ಕಲ್ಲುದಾರಿಯಲ್ಲಿ ನಡೆದು ಹೋದೆ. ಶೂ ಕೂಡ ಒದ್ದೆಯಾಗಲಿಲ್ಲ." ನಾನು ಓದಿದೆ, ಮತ್ತೆ ಓದಿದೆ, ಆಮೇಲೆ ಗೋಡೆ ಮೇಲಿನ ಉಬ್ಬರ-ಇಳಿತದ ಪಂಚಾಂಗದ ಹತ್ತಿರ ಹೋದೆ. ಮೇ 16, ಸಾಂ-ಮಾಲೊ: ತುಂಬು ನೀರು ಮಧ್ಯಾಹ್ನ ಎರಡು ಗಂಟೆ! ಆ ಹೊತ್ತಲ್ಲಿ ಆ ದಾರಿಯ ಮೇಲೆ ಆಳು ಮುಳುಗೋ ನೀರು. ಶೂ ಒದ್ದೆಯಾಗದೆ ಹೋಗೋಕೆ ನೀನೇನು ಸಂತನಾ?

ಆರ್ಮೆಲ್, ಸಿಂಪಿ ಬೆಳೆಯೋನು ಮದುವೆ ದಿನ ಮರೀತಾನೆ. ನೀನು ಮರೆತಿದ್ದೀಯ, ಎರಡು ಸಲ. ಆದರೆ ನೀರಿನ ಹೊತ್ತು ಮರೆಯಲ್ಲ. ಅಂದರೆ ನೀನು ಅಲ್ಲಿಗೆ ಹೋಗೇ ಇಲ್ಲ, ಎಲ್ಲೋ ಬೆಚ್ಚಗೆ ಕೂತು ಬಾಯಿಗೆ ಬಂದದ್ದು ಬರೆದು ನನ್ನ ಕಿವಿ ಮೇಲೆ ಹೂ ಇಡ್ತಿದ್ದೀಯ ಅಂತ ಆಯ್ತು.

ಎರಡನೆಯದು ದಿನಾನ್‌ನಿಂದ. "ಹೊಳೆ ಬಂದರಿನಲ್ಲಿ ನೀರು ಇಳಿದು ದೋಣಿಗಳೆಲ್ಲ ಕೆಸರಲ್ಲಿ ಒರಗಿದ್ದವು." ದಿನಾನ್‌ನಲ್ಲಿ ಎಲ್ಲಿಯ ಇಳಿತ! ಕೆಳಗೆ ಗೇಟು ಹಾಕಿ ನೀರು ಹಿಡಿದಿದ್ದಾರೆ ಅಂತ ನನಗೆ ಹೇಳಿಕೊಟ್ಟವನೇ ನೀನು. ಮೂರನೆಯದು ಫ್ರೆಹೆಲ್ ಭೂಶಿರದ್ದು: "ಲೈಟ್‌ಹೌಸ್ ಹತ್ತಿರ ನಿಂತು ನಮ್ಮ ಕಾಂಕಾಲ್ ಕಡೆ ಸೂರ್ಯ ಮುಳುಗೋದನ್ನ ನೋಡಿದೆ." ಕಾಂಕಾಲ್ ಅಲ್ಲಿಂದ ಪೂರ್ವಕ್ಕೆ ಕಣೋ! ಸೂರ್ಯನನ್ನೇ ಉಲ್ಟಾ ತಿರುಗಿಸಿಬಿಟ್ಟೆಯಲ್ಲ. ಇದನ್ನ ಓದಿದಾಗ ನನಗೆ ಖಾತ್ರಿಯಾಯ್ತು, ಈ ಗಂಡಸಿಗೆ ದಿಕ್ಕು ತಪ್ಪೋ ಹಾಗೆ ಯಾರೋ ಮಾಡಿದ್ದಾರೆ ಅಂತ.

ನಾಲ್ಕನೆಯದು ಪ್ಲುಮನಾಕ್‌ನಿಂದ, ಜೂನ್ 7. "ಸಂಜೆ ಏಳಕ್ಕೆ ಒಣ ಮರಳಲ್ಲಿ ನಡೆದು ಸಂತನ ಗುಡಿಗೆ ಹೋದೆ. ಹುಡುಗಿಯರು ಗಂಡ ಸಿಗಲಿ ಅಂತ ಸಂತನ ಮೂಗಿಗೆ ಸೂಜಿ ಚುಚ್ಚೋದು ನಿಜವಂತೆ." ಅವತ್ತು ದೊಡ್ಡ ಉಬ್ಬರ. ಏಳು ಗಂಟೆಗೆ ಸಂತನೇ ನೀರಲ್ಲಿ ನಿಂತಿರ್ತಾನೆ. ಅದೂ ಇರಲಿ, ಗಂಡ ಬೇಕು ಅನ್ನೋ ಹೆಂಗಸರ ಸುದ್ದಿ ನಿನಗ್ಯಾಕೆ? ಯಾರು ಚುಚ್ಚಿದರು ಸೂಜಿ? ಮೈಯೆಲ್ಲ ಉರಿದುಹೋಯ್ತು ನನಗೆ.

ರೋಜೆನ್ ತನ್ನ ತಂಗಿಯ ಮನೆಯಲ್ಲಿ ಇದ್ದಾಳಂತೆ ಅಂತ ಯಾರೋ ಹೇಳಿದ್ದರು. ಗ್ಯಾಸ್ ಕಂಪನಿಯವಳ ಹಾಗೆ ದನಿ ಬದಲಿಸಿ ಅಲ್ಲಿಗೆ ಫೋನ್ ಮಾಡಿದೆ. ಎತ್ತಿದ್ದು ರೋಜೆನ್ನೇ. "ಸ್ವಾಜಿಕ್, ನಿನ್ನ ದನಿ ನನಗೆ ಗೊತ್ತಾಗಲ್ವಾ? ಮೂವತ್ತು ವರ್ಷದಿಂದ ಎದುರಂಗಡಿಯಿಂದ ಕಿರುಚ್ತಿದ್ದೀಯ. ನಿನ್ನ ಗಂಡ ಇಲ್ಲಿಲ್ಲ ಮಾರಾಯ್ತಿ, ನಾನು ಹಲ್ಲು ಕಟ್ಟಿಸ್ತಿದ್ದೀನಿ" ಅಂದಳು. ಬಾಯಲ್ಲಿ ಹತ್ತಿ ತುಂಬಿಕೊಂಡ ಹಾಗೆ ಮಾತಾಡ್ತಿದ್ದಳು, ನಂಬಲೇಬೇಕಾಯ್ತು. ಆದರೆ ರೋಜೆನ್ ಅಲ್ಲ ಅಂದ ಮಾತ್ರಕ್ಕೆ ಯಾರೂ ಅಲ್ಲ ಅಂತ ಅಲ್ಲವಲ್ಲ.

ಐದನೆಯ ಕಾರ್ಡು ಈ ರೊಸ್ಕೊಫ್‌ನದು: "ಇಳಿತದ ಹೊತ್ತಲ್ಲಿ ಹಳೇ ಬಂದರಿನ ಮೆಟ್ಟಿಲಿಂದ ದೋಣಿ ಹತ್ತಿ ಬಾ ದ್ವೀಪಕ್ಕೆ ಹೊರಟೆ. ಅಲ್ಲೇ ಕೆಲವು ದಿನ ಇರ್ತೀನಿ." ಅದನ್ನು ಓದಿದ ಮರುದಿನವೇ ಬೀಗ ಹಾಕಿ ಹೊರಟೆ. ಐದೂ ಜಾಗದಲ್ಲಿ ವಿಚಾರಿಸೋದು, ಸಾಕ್ಷಿ ಹಿಡಿಯೋದು, ಸಹಿ ಹಾಕೋದು. ನಿನ್ನ ಜೊತೆ ಬೀದಿ ತುದಿಗೂ ಬರಲ್ಲ ಅಂದವಳು ನಿನ್ನ ಹಿಂದೆ ಐದು ಊರಿಗೆ ಹೊರಟೆ.

ಸಾಂ-ಮಾಲೊಗೆ ನಾನು ಆಸ್ಪತ್ರೆಗೂ ಬ್ಯಾಂಕಿಗೂ ಹೋಗಿದ್ದೆನೇ ಹೊರತು ಕೋಟೆ ಗೋಡೆ ಹತ್ತಿಯೇ ಇರಲಿಲ್ಲ. ಊರ ಬಾಗಿಲಲ್ಲಿ ಕಾರ್ಡು ಮಾರೋ ಹೆಂಗಸಿಗೆ ನಿನ್ನ ಫೋಟೋ ತೋರಿಸಿದೆ. "ನೀಲಿ ಟೋಪಿ, ಬೆರಳ ತುಂಬ ಗೀರು, ಅವರೇ ತಾನೆ? ಮೊದಲು ತುಂಬು ನೀರು ಎಷ್ಟು ಹೊತ್ತಿಗೆ ಅಂತ ಕೇಳಿದರು. ಎರಡಕ್ಕೆ ಅಂದೆ. ಇಲ್ಲೇ ನಿಂತು ಕಾರ್ಡು ಬರೆದರು. ಬರೀತಾ ಒಬ್ಬರೇ ನಗ್ತಿದ್ದರು" ಅಂದಳು. ಒಬ್ಬನೇ ನಗೋ ಗಂಡಸಿನ ಮನಸ್ಸಲ್ಲಿ ಇನ್ನೊಬ್ಬರು ಇದ್ದೇ ಇರ್ತಾರೆ. ನಾನು ಅದನ್ನ ವಕೀಲೆಯ ಕಾಗದದ ಹಿಂದೆ ಪೆನ್ಸಿಲ್ಲಲ್ಲಿ ಬರೆದಿಟ್ಟೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ನೀರು ಇಳಿದಾಗ ಗ್ರಾಂಬೆಗೆ ನಾನೂ ನಡೆದೆ. ಪರೀಕ್ಷೆಗೆ, ಅಷ್ಟೆ. ಮೇಲೆ ಹತ್ತಿ ಹಿಂದೆ ತಿರುಗಿದರೆ ಇಡೀ ಊರು ಗೋಡೆ ಸಮೇತ ಒದ್ದೆ ಮರಳಿನ ಅಂಚಲ್ಲಿ ಕೂತಿತ್ತು. ನಾನು ಅಲ್ಲಿ ಅರ್ಧ ಗಂಟೆ ಕೂತೆ. ಸುಸ್ತಾಗಿತ್ತು.

ದಿನಾನ್‌ನಲ್ಲಿ ಮೇಲಿನ ಪೇಟೆಯಿಂದ ಬಂದರಿಗೆ ಇಳಿಯೋ ಕಲ್ಲುಬೀದಿ ಇದೆಯಲ್ಲ, ಅದನ್ನ ಮಾಡಿದವನಿಗೆ ಮೊಣಕಾಲು ನೋವೇ ಇರಲಿಲ್ಲ ಅಂತ ಕಾಣ್ತದೆ. ಎರಡೂ ಕಡೆ ಮರದ ತೊಲೆಯ ಹಳೇ ಮನೆಗಳು ಬೀದಿ ಮೇಲೆ ಬಗ್ಗಿ ಒಂದಕ್ಕೊಂದು ಗುಟ್ಟು ಹೇಳೋ ಹಾಗೆ ನಿಂತಿದ್ದವು. ಕೆಳಗೆ ದೋಣಿಗೆ ಬಣ್ಣ ಹೊಡೀತಿದ್ದ ಮುದುಕನನ್ನ ಕೇಳಿದೆ, ಇಲ್ಲಿ ದೋಣಿ ಕೆಸರಲ್ಲಿ ಕೂರ್ತದಾ ಅಂತ. "ಅಯ್ಯೋ ತಾಯಿ, ಇಲ್ಲಿ ನೀರು ಇಳಿಯೋದೇ ಇಲ್ಲ. ಹೋದ ತಿಂಗಳು ಒಬ್ಬರು ಬಂದು ಇದನ್ನೇ ಮೂರು ಸಲ ಕೇಳಿ ಖಾತ್ರಿ ಮಾಡ್ಕೊಂಡು ಹೋದರು. ಏನಾಗಿದೆ ನಿಮ್ಮ ಕಡೆಯವರಿಗೆಲ್ಲ?" ಅಂದ. ನನಗೆ ಆಗಲೂ ಹೊಳೆಯಲಿಲ್ಲ ನೋಡು. ಅನುಮಾನಕ್ಕೆ ಕಣ್ಣು ನಾಲ್ಕು, ಬುದ್ಧಿ ಅರ್ಧ.

ಫ್ರೆಹೆಲ್ ಹತ್ತಿರ ಬಂಡೆ ತುದಿಯ ಆ ಲಾಲಾತ್ ಕೋಟೆಯಲ್ಲಿ ನನ್ನ ಎದೆ ಒಡೀತು. ಟಿಕೆಟ್ ಕೊಡೋ ಹುಡುಗಿ ನಿನ್ನ ಫೋಟೋ ನೋಡಿದ ತಕ್ಷಣ, "ಗೊತ್ತು, ಗೊತ್ತು. ಎರಡು ಟಿಕೆಟ್ ತಗೊಂಡರು" ಅಂದಳು.

ಎರಡು. ನಾನು ಎರಡನೆಯವಳು ಹೇಗಿದ್ದಳು ಅಂತ ಕೇಳಿದೆ. ಹುಡುಗಿ ತಬ್ಬಿಬ್ಬಾಗಿ, "ನಾನು ನೋಡಲಿಲ್ಲ ಮೇಡಮ್, ಟಾಯ್ಲೆಟ್ಟಿಗೆ ಹೋಗಿರಬೇಕು" ಅಂದಳು. ತೂಗುಸೇತುವೆ ದಾಟಿ ಒಳಗೆ ಹೋಗಿ ಕೋಟೆ ಗೋಡೆಗೆ ಒರಗಿ ಅತ್ತೆ. ಕೆಳಗೆ ಹಸಿರು ನೀರು, ಮೇಲೆ ಗಾಳಿ, ಸುತ್ತ ಶಾಲೆ ಮಕ್ಕಳ ಗಲಾಟೆ. ಒಬ್ಬ ಮೇಷ್ಟರು ಬಂದು "ಎತ್ತರದ ಭಯಾನಾ ಅಮ್ಮಾ?" ಅಂತ ಕೇಳಿದರು. ಹೌದು ಅಂದೆ. ಕಾಗದದ ಹಿಂದೆ "ಎರಡು ಟಿಕೆಟ್" ಅಂತ ಬರೆದೆ, ಪೆನ್ಸಿಲ್ ಮುರಿಯೋ ಹಾಗೆ. ಸಹಿ ಅಲ್ಲೇ ಹಾಕಿಬಿಡ್ತಿದ್ದೆ. ಗಾಳಿಗೆ ಕಾಗದ ನಿಲ್ಲಲಿಲ್ಲ.

ಪ್ಲುಮನಾಕ್‌ಗೆ ನಿನ್ನೆ ಬಂದೆ. ಆ ಕೆಂಪು ಕಲ್ಲುಗಳ ಬಗ್ಗೆ ನಾನು ಏನೂ ಹೇಳಲ್ಲ. ಪ್ಯಾರಿಸ್ಸಿನವರು ನಮ್ಮ ಅಂಗಡಿ ಮುಂದೆ ನಿಂತು ಅದನ್ನ ಹೊಗಳುವಾಗ "ಕಲ್ಲು ಕಲ್ಲೇ" ಅಂತ ಮೂಗು ಮುರೀತಿದ್ದೆನಲ್ಲ, ಆ ಮಾತು ಹಿಂದೆ ತಗೋತೀನಿ. ಸಂಜೆ ಆರರ ಹೊತ್ತಿಗೆ ನೀರು ಬಂದು ಸಂತನ ಗುಡಿಯನ್ನ ಸುತ್ತಿಕೊಳ್ಳೋದನ್ನ ದಡದಲ್ಲಿ ಕೂತು ನೋಡಿದೆ. ಇಲ್ಲಿ ಯಾರಿಗೂ ನಿನ್ನ ಜೊತೆ ಹೆಂಗಸನ್ನ ನೋಡಿದ ನೆನಪಿಲ್ಲ. ಹೋಟೆಲಿನವಳು, "ಒಬ್ಬರೇ ಇದ್ದರು, ರಾತ್ರಿ ಊಟಕ್ಕೆ ಸಿಂಪಿ ಕೊಟ್ಟರೆ ಮುಟ್ಟಲಿಲ್ಲ, ಇದನ್ನ ಬಿಡಿಸೋಕೆ ನನ್ನ ಹೆಂಡತಿಯೇ ಬೇಕು ಅಂದರು" ಅಂತ ಹೇಳಿದಳು. ಜಾಣ, ಹೆಂಗಸನ್ನ ಬಚ್ಚಿಟ್ಟಿದ್ದಾನೆ ಅಂತಲೇ ನಾನು ತಿಳಿದೆ.

ಇವತ್ತು ಬೆಳಗ್ಗೆ ಇಲ್ಲಿಗೆ ಬಂದೆ. ಈರುಳ್ಳಿ ಜಡೆ ನೇತುಹಾಕಿದ ಅಂಗಡಿಗಳನ್ನ ದಾಟಿ ನೇರ ದೋಣಿ ಟಿಕೆಟ್ಟಿನ ಗೂಡಿಗೆ ಹೋಗಿ ಫೋಟೋ ಇಟ್ಟು ಹಲಗೆ ಮೇಲೆ ಕೈ ಬಡಿದೆ. "ಇವನು ಹದಿಮೂರನೇ ತಾರೀಕು ಇಳಿತದಲ್ಲಿ ಹಳೇ ಬಂದರಿನಿಂದ ಹೋದನಂತೆ. ನಿಜಾನಾ?"

ಒಳಗಿದ್ದ ಮೀಸೆಯವನು ನನ್ನನ್ನ ತಲೆಯಿಂದ ಕಾಲಿನ ತನಕ ನೋಡಿ ನಗೋಕೆ ಶುರು ಮಾಡಿದ. "ಕಾಂಕಾಲ್‌ನವರಲ್ವಾ? ಕೈ ಬಡಿಯೋದ್ರಲ್ಲೇ ಗೊತ್ತಾಯ್ತು. ಎಂಟು ದಿನದಿಂದ ಕಾಯ್ತಿದ್ದೀನಿ" ಅಂದ. ಇಳಿತದಲ್ಲಿ ಹಳೇ ಬಂದರಿಗೆ ಹೊಟ್ಟೆ ತಾಗದೆ ದೋಣಿ ಬರೋಕಾಗಲ್ಲ, ಅರ್ಧ ಕಿಲೋಮೀಟರಿಗೂ ಉದ್ದದ ಆ ಕಾಲುಸೇತುವೆಯ ತುದಿಗೇ ಹೋಗಿ ಹತ್ತಬೇಕು ಅಂತ ಅವನು ನಿನಗೆ ಹೇಳಿದನಂತೆ. ನೀನು ತಲೆ ಆಡಿಸಿ, ಅವನ ಮುಂದೆಯೇ "ಹಳೇ ಬಂದರಿನಿಂದ" ಅಂತ ಬರೆದೆಯಂತೆ. "ಸ್ವಾಮಿ, ತಪ್ಪು ಬರೀತಿದ್ದೀರಿ" ಅಂದನಂತೆ ಅವನು. ಆಗ ನೀನು ಹೇಳಿದ ಮಾತನ್ನ ಅವನು ನಿನ್ನ ದನಿಯಲ್ಲೇ ಒಪ್ಪಿಸಿದ:

"ಸರಿ ಬರೆದರೆ ನನ್ನ ಹೆಂಡತಿ ಓದಿ ಡ್ರಾಯರಿಗೆ ಹಾಕ್ತಾಳೆ. ತಪ್ಪು ಬರೆದರೆ ಬೈಯೋಕಾದರೂ ಬರ್ತಾಳೆ. ಪ್ರೀತಿಯಿಂದ ಕರೆದೆ, ಬರಲಿಲ್ಲ. ಅವಳನ್ನ ಅನುಮಾನವೊಂದೇ ಮನೆಯಿಂದ ಎಬ್ಬಿಸೋದು."

ಆಮೇಲೆ ಗೂಡಿನ ಒಳಗಿಂದ ಒಂದು ಲಕೋಟೆ ತೆಗೆದು ಕೊಟ್ಟ. ಒಳಗೆ ಬಾ ದ್ವೀಪಕ್ಕೆ ಒಂದು ಟಿಕೆಟ್. ಅದರ ಜೊತೆ ಲಾಲಾತ್ ಕೋಟೆಯದೂ ಒಂದು, ಹರಿಯದೆ ಉಳಿದದ್ದು. ಆ ಎರಡನೆಯವಳು ನಾನೇ.

ಮೊದಲು ಸಿಟ್ಟು ಬಂತು. ನನ್ನನ್ನೇನು ಮೀನು ಅಂದುಕೊಂಡೆಯಾ, ಗಾಳ ಹಾಕಿ ಐದು ಊರು ಎಳೆಯೋಕೆ? ಆಮೇಲೆ ನಗು ಬಂತು. ಆ ಮೀಸೆಯವನ ಮುಂದೆ ಮುಖ ಮುಚ್ಚಿಕೊಂಡು ನಕ್ಕೆ. ಆಮೇಲೆ ಬಂದದ್ದು ನಗು ಅಲ್ಲ ಅಂತ ಗೊತ್ತಾಗಿ ಅವನು ಗೂಡಿನ ಕಿಟಕಿ ಅರ್ಧ ಎಳೆದುಕೊಂಡ, ಪುಣ್ಯಾತ್ಮ.

ಬಾಳಿನ ಮೂವತ್ತೆಂಟು ವರ್ಷ ಆರ್ಮೆಲ್! ಅಂಗಡಿ ಮುಂದೆ ನಿಂತು ಬಂದ ಬಂದ ಪ್ರವಾಸಿಗಳಿಗೆಲ್ಲ ನಾವು ನೋಡದ ಊರಿನ ದಾರಿ ಹೇಳ್ತಿದ್ದೆವು. ದೊಡ್ಡ ಇಳಿತ ಬಂದರೆ ಹೊಲದ ಕೆಲಸ, ಬೇಸಿಗೆ ಬಂದರೆ ಗಿರಾಕಿ. ಮದುವೆಯಾದ ವರ್ಷ ಸಿಂಪಿ ಪೆಟ್ಟಿಗೆಯ ಚೀಟಿ ಹಿಂದೆ ಐದು ಹೆಸರು ಬರೆದಿಟ್ಟವಳು ನಾನೇ. ಈಗ ಐದೂ ಜಾಗ ನೋಡಿದ್ದೀನಿ. ನೀನು ನನ್ನ ಪಕ್ಕದಲ್ಲಿರಲಿಲ್ಲ, ಅದೊಂದೇ ಕೊರತೆ. ಬರೆದೆ ನೋಡು, ಇನ್ನು ಗೀಟು ಹಾಕಲ್ಲ.

ಈಗ ದೋಣಿ ಹತ್ತದೆ ಇಲ್ಲಿ ಯಾಕೆ ಕೂತಿದ್ದೀನಿ ಅನ್ನೋದನ್ನ ಹೇಳ್ತೀನಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಗಿದೆ ನನ್ನ ಗತಿ. ನಿನ್ನ ಐದು ಸುಳ್ಳನ್ನ ಊರೂರಿಗೆ ಹೋಗಿ ಹಿಡಿದೆ. ನನ್ನದೊಂದು ಸುಳ್ಳಿದೆ, ಅದನ್ನ ಯಾರೂ ಹಿಡಿದಿಲ್ಲ. ನೀನು ಕೇಳಿದ್ದೆ ಆರ್ಮೆಲ್. ಫೆಬ್ರವರಿಯಲ್ಲಿ, ಶೆಡ್ಡಿನಲ್ಲಿ, ನಾನು ಚಿಪ್ಪು ಕೆರೀತಾ ಇದ್ದಾಗ, "ಹೊಲ ತುಗ್ಡುವಾಲ್‌ಗೆ ಕೊಟ್ಟುಬಿಡೋಣವಾ, ನಮ್ಮ ಕಾಲು ಇನ್ನೂ ನಡೆಯುವಾಗಲೇ ಊರು ನೋಡೋಣ" ಅಂತ ಕೇಳಿದ್ದೆ. ನನಗೆ ಅವತ್ತು ಬೆನ್ನು ನೋವು, ತಣ್ಣೀರು, ಎಲ್ಲದರ ಮೇಲೂ ಸಿಟ್ಟು. ತಲೆ ಎತ್ತದೆ "ನಿನಗೆ ಬೇಕಾದ್ದು ಮಾಡ್ಕೋ" ಅಂದಿದ್ದೆ. ನೀನು ಅದನ್ನ ಒಪ್ಪಿಗೆ ಅಂದುಕೊಂಡೆ. ಆಮೇಲೆ ನಾನು ಇಡೀ ಕಾಂಕಾಲ್‌ಗೆ, ವಕೀಲೆಗೆ, ಗಂಡ ಒಂದು ಮಾತೂ ಕೇಳಲಿಲ್ಲ ಅಂತ ಸಾರಿಕೊಂಡು ಬಂದೆ. ನಿನ್ನ ಮುಖ ನೋಡಿದರೆ ಇದನ್ನ ಹೇಳೋಕೆ ಆಗ್ತಿರಲಿಲ್ಲ. ಅದಕ್ಕೇ ಬರೆದೆ.

ಆದರೆ ಒಂದು ಸಲ ಕೇಳಿದರೆ ಸಾಕಾಗ್ತಿರಲಿಲ್ಲ ಕಣೋ. ಅದು ನನ್ನ ಜೀವಮಾನದ ಕೆಲಸ. ಇನ್ನೊಂದು ಸಲ, ನಾನು ಚಾಕು ಕೆಳಗಿಟ್ಟಿರುವಾಗ, ಮುಖ ನೋಡಿ ಕೇಳಬೇಕಿತ್ತು. ಕೇಳಬೇಕಿತ್ತು ಅನ್ನೋ ಮಾತನ್ನ ನಿನ್ನ ಬಾಯಲ್ಲೇ ಕೇಳಬೇಕು ನಾನು, ಕಾರ್ಡಿನಲ್ಲಿ ಅಲ್ಲ. ಮತ್ತೆ ತುಗ್ಡುವಾಲ್‌ಗೆ ಹೇಳು, ದೊಡ್ಡ ಇಳಿತ ಬಂದಾಗ ನಾನು ಹೊಲಕ್ಕೆ ಬರ್ತೀನಿ, ನನ್ನದೇ ಬುಟ್ಟಿ ತಗೊಂಡು. ಆ ಪೆದ್ದ ಚೀಲವನ್ನ ಇನ್ನೂ ತಪ್ಪು ಕಡೆಗೆ ಮಗುಚ್ತಿದ್ದಾನೆ.

ವಕೀಲೆಯ ಕಾಗದಕ್ಕೆ ಸಹಿ ಹಾಕಿಲ್ಲ. ಇಲ್ಲಿಯ ಬೆಣ್ಣೆ ಕೇಕು ಸುತ್ತಿಕೊಂಡು ಬರೋಕೆ ಅಂಗಡಿಯವಳ ಹತ್ತಿರ ಬೇರೆ ಕಾಗದ ಇರಲಿಲ್ಲ, ಅದಕ್ಕೆ ಬಳಸಿದೆ. ಬೆಣ್ಣೆ ಇಳಿದು ಈಗ ಒಂದಕ್ಷರವೂ ಕಾಣಲ್ಲ. ಕೇಕು ಅರ್ಧ ಉಳಿದಿದೆ.

ಈ ಕಾಗದ ಸಂಜೆಯ ಕೊನೇ ದೋಣಿಯಲ್ಲಿ ಮೀಸೆಯವನು ಕಳಿಸ್ತಾನೆ. ಉತ್ತರ ಬರೀಬೇಡ, ನಿನ್ನ ಬರವಣಿಗೆಯ ಮೇಲೆ ನನಗೆ ನಂಬಿಕೆ ಇಲ್ಲ.

ಇವತ್ತಿಗೂ ನಿನ್ನ ಹೆಸರನ್ನ ತನ್ನ ಹೆಸರಿನ ಹಿಂದೆ ಹೊತ್ತಿರುವ,
ಸ್ವಾಜಿಕ್

ಮರೆತಿದ್ದೆ: ಪ್ಲುಮನಾಕ್‌ನಲ್ಲಿ ನೀರು ಬರೋಕೆ ಮುಂಚೆ ಸಂತನ ಮೂಗಿನ ಹತ್ತಿರ ನಾನೂ ಒಂದು ಹೇರ್‌ಪಿನ್ ಇಟ್ಟು ಬಂದೆ. ಅರವತ್ತೊಂದು ವರ್ಷಕ್ಕೆ, ಗಂಡ ಇರುವವಳು! ಇನ್ನೊಂದು ವಿಷಯ. ನಾಳೆ ಮಧ್ಯಾಹ್ನ ಒಂದು ಗಂಟೆಗೆ, ಪೂರ್ತಿ ಇಳಿತದ ಹೊತ್ತಲ್ಲಿ, ನೀನು ದೋಣಿಯಿಂದ ಇಳಿಯೋದನ್ನ ಕಾಯ್ತಾ ಹಳೇ ಬಂದರಿನ ಮೆಟ್ಟಿಲ ಮೇಲೆ ನಿಂತಿರ್ತೀನಿ. ತಪ್ಪು ಬರೆದಿದ್ದೀನಿ ಅಂತ ಅನ್ನಿಸಿದರೆ, ಬಂದು ಬೈ.